ಒರಲೆಯಲ್ಲ, ಕೊರೆಹುಳ

ಬಡಿಗೇರ ಕಾಕಾರ ಬಲಗಿವಿಯ ರೋಮದಲ್ಲಿ ಸದಾ ಮರದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ತೊಲೆಯ ಒಂದು ತುದಿಗೆ ಕಿವಿಯಿಟ್ಟು, ಇನ್ನೊಂದು ತುದಿಯನ್ನು ಯಾರಿಂದಲಾದರೂ ಬಡಿಸಿ ಕೇಳುತ್ತಿದ್ದರು. "ಗಟ್ಟಿ ಐತಿ" ಎಂದರೆ ಮುಗಿಯಿತು, ಮಮದಾಪುರದಲ್ಲಿ ಮತ್ತೆ ಯಾರೂ ಅದನ್ನು ಮುಟ್ಟಿ ನೋಡುತ್ತಿರಲಿಲ್ಲ.

ನಮ್ಮ ಬಾವಿಯ ಮೇಲೆ ರಾಟೆ ಕಟ್ಟಿದ್ದ ತೊಲೆಗೂ ಅವರೇ ಕಿವಿಯಿಟ್ಟಿದ್ದರು. ಗುಡ್ಡದ ಕಾಡಿನಲ್ಲಿ ಉರುಳಿ, ತೊಗಟೆ ಸಮೇತ ಕೊಳೆಯುತ್ತ ಬಿದ್ದಿದ್ದ ಮರ. ಮೇಲಿನದನ್ನು ಕೆತ್ತಿ ತೆಗೆದು ಒಳಗಿನ ತಿರುಳಿನಿಂದ ತೊಲೆ ಮಾಡಿದ್ದರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು ಮುರಿಯಿತು. ಅದರ ಮೇಲೆ ನಿಂತು ರಾಟೆ ಸರಿಮಾಡುತ್ತಿದ್ದ ನನ್ನ ಗಂಡ ಬಾವಿಗೆ ಬಿದ್ದರು. ಮೇಲೆತ್ತಿದಾಗ ಉಸಿರಿರಲಿಲ್ಲ.

ಒರಲೆ, ಅಂದರೆ ಗೆದ್ದಲು, ಹಿಡಿಯದಂತೆ ದೀಪಾವಳಿಗೆ ಮುಂಚೆ ತೊಲೆಗೆ ಬೇವಿನೆಣ್ಣೆ ಹಚ್ಚುವುದು ನಮ್ಮಲ್ಲಿ ಸೊಸೆಯ ಕೆಲಸ. ಆ ವರ್ಷ ನಾನು ಹೆರಿಗೆಗೆಂದು ಹುಕ್ಕೇರಿಯ ತವರಿಗೆ ಹೋಗಿದ್ದೆ, ಹಚ್ಚಿರಲಿಲ್ಲ.

"ಒರಲಿ ತಿಂದೈತಿ. ಇಕಿ ಎಣ್ಣಿ ಹಚ್ಚಲಿಲ್ಲ, ನನ್ನ ಮಗನ್ನ ನುಂಗಿದಳು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ನಾನೂ ಅದನ್ನೇ ನಂಬಿದ್ದೆ. ಕೂಸನ್ನು ಯಾರ ಮಡಿಲಿಗೆ ಹಾಕಿ ಆ ಬಾವಿಗೇ ಹಾರಲಿ ಎಂದು ಯೋಚಿಸುತ್ತಿದ್ದೆ.

ಮೂರನೆಯ ದಿನ ಕಾಕಾ ಬಾಚಿ ಹಿಡಿದು ಬಂದು, ಮುರಿದ ತೊಲೆಯನ್ನು ಎಲ್ಲರೆದುರು ಸೀಳಿದರು. ಒಳಗೆ ಬೆರಳು ಹೋಗುವಷ್ಟು ದುಂಡನೆಯ ತೂತುಗಳು, ಅವುಗಳ ತುಂಬ ಹಿಟ್ಟಿನಂಥ ಪುಡಿ. ಒಂದರಿಂದ ಬಿಳಿಯ ದಪ್ಪ ಹುಳ ಉರುಳಿಬಿತ್ತು.

"ಯಕ್ಕಾ, ಒರಲಿ ಹೊರಗಿಂದ ಬರತೈತಿ, ಹೋದಲ್ಲೆಲ್ಲಾ ಮಣ್ಣು ಮೆತ್ತತೈತಿ. ಇದರಾಗ ಮಣ್ಣು ಎಲ್ಲೈತಿ ತೋರಸ್ರಿ" ಎಂದು ಪುಡಿಯನ್ನು ಅತ್ತೆಯ ಅಂಗೈಗೆ ಸುರಿದರು. "ಇದು ಕೊರಿಹುಳ. ಮರ ಕಾಡಿನ್ಯಾಗ ಬಿದ್ದಾಗನ ಒಳಗ ಹೊಕ್ಕಿತ್ತು. ಎಷ್ಟು ಎಣ್ಣಿ ಹಚ್ಚಿದ್ರೂ ಸಾಯತಿರಲಿಲ್ಲ. ಕಿವಿ ಇಟ್ಟಾಂವ ನಾ. ಆ ಹುಡುಗಿಗಿ ಏನೂ ಅನಬ್ಯಾಡ್ರಿ, ತಪ್ಪು ನಂದು."

ಯಾರೂ ಅವರನ್ನು ಕೇಳಿರಲಿಲ್ಲ. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಅತ್ತೆ ಆ ಪುಡಿಯನ್ನು ಅವರ ಮುಖಕ್ಕೇ ಎರಚಿದರು. ಕಾಕಾ ಒರೆಸಿಕೊಳ್ಳಲಿಲ್ಲ.

ಆಮೇಲೆ ಊರಿನಲ್ಲಿ ಅವರಿಗೆ ಒಂದು ಬಾಗಿಲ ಚೌಕಟ್ಟಿನ ಕೆಲಸವೂ ಸಿಗಲಿಲ್ಲ. ಗೋಕಾಕದ ಕಟ್ಟಿಗೆ ಅಡ್ಡೆಯೊಂದರಲ್ಲಿ ಸೌದೆ ಒಡೆಯುತ್ತ ಬದುಕಿದರು. ನನ್ನ ಕೂಸಿಗೆ ತಾಯಿ ಉಳಿದದ್ದು ಅವರಿಂದ ಎಂದು ಹೇಳಲು ಎರಡು ಸಲ ಅಡ್ಡೆಯ ಬಾಗಿಲ ತನಕ ಹೋದೆ. ನನ್ನ ಗಂಡನ ಜೀವ ಹೋದದ್ದೂ ಅವರ ಕಿವಿಯಿಂದಲೇ. ನೋಡಲಾರದೆ ಮರಳಿ ಬಂದೆ.

ನಾಲ್ಕು ವರ್ಷದ ನಂತರ ಅವರ ಹೆಣ ಊರಿಗೆ ಬಂತು. ಜನ ನೋಡುತ್ತಿದ್ದಂತೆ ನಾನು ಬಾಗಿ, ಆ ಬಲಗಿವಿಯಲ್ಲಿ ಹೇಳಿದೆ:

"ಕಾಕಾ, ನಾ ಉಳದೇನಿ."