ತಪ್ಪಿಲ್ಲದ ಪುಟ

ಆ ನಿವೃತ್ತ ಕರಡು ತಿದ್ದುಗರ ದಿನಚರಿಯೆಂದರೆ ಮರೆವಿನ ರೋಗ ಒಳನುಗ್ಗದಂತೆ ಕಟ್ಟಿಕೊಂಡ ಒಡ್ಡು: ಬೆಳಿಗ್ಗೆ ಐದು ಸಾವಿರ ಹೆಜ್ಜೆ, ರಕ್ತದೊತ್ತಡದ ಮಾತ್ರೆ, ಪದಬಂಧ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹೊಸದಾಗಿ ಹಿಡಿದ ಕೊಳಲು. ಇವೆಲ್ಲ ಮೆದುಳನ್ನು ಕಾಪಾಡಬಹುದು ಎಂದ ವೈದ್ಯರನ್ನು, "ಆ 'ಬಹುದು' ಹೊಡೆದುಹಾಕೋಕಾಗಲ್ವಾ ಡಾಕ್ಟ್ರೇ?" ಎಂದು ಕೇಳಿದವರು ಅವರು. "ಮಾವ, ನಿಮ್ಮ ನೆನಪು ಉಳಿಯುತ್ತೆ, ನಮ್ಮ ಕಿವಿ ಹೋಗುತ್ತೆ" ಎಂದು ಸೊಸೆ ಛೇಡಿಸಿದರೂ ಕೊಳಲು ಕೆಳಗಿಡುವವರಲ್ಲ; ಅದೇ ರೋಗಕ್ಕೆ ಸಿಕ್ಕಿದ್ದ ಒಡಹುಟ್ಟಿದ ಅಣ್ಣ ಕೊನೆಗಾಲದಲ್ಲಿ ಅವರನ್ನೇ "ಯಾರಪ್ಪಾ ನೀನು?" ಎಂದು ಕೇಳಿದ್ದ. ಆದರೆ ಅವರು ನಿಜವಾಗಿ ನಂಬುವ ಪರೀಕ್ಷೆ ಒಂದೇ. ದಿನವೂ ಕೆಂಪು ಪೆನ್ನು ಹಿಡಿದು ಪತ್ರಿಕೆಯ ಮುಖಪುಟದಲ್ಲಿ ಅಚ್ಚಿನ ತಪ್ಪು ಹುಡುಕುತ್ತಾರೆ. ಒಂದಾದರೂ ಸಿಕ್ಕರೆ ತಲೆ ನೆಟ್ಟಗಿದೆಯೆಂದು ಅರ್ಥ. ಇಂದು ಮೂರು ಬಾರಿ ಓದಿದರೂ ಒಂದೂ ಸಿಗಲಿಲ್ಲ. "ನೀನೊಂದ್ಸಲ ನೋಡೇ. ಅವರು ಸುಧಾರಿಸಿದಾರೋ, ನಾನೇ ಕೆಟ್ಟೆನೋ?" ಎಂದು ಪುಟವನ್ನು ಹೆಂಡತಿಗೆ ಕೊಟ್ಟರು. ಮೂವತ್ತು ವರ್ಷ ಶಾಲಾಮಕ್ಕಳ ಕಾಗುಣಿತ ತಿದ್ದಿದ ಆಕೆಗೆ, ಅಂಗೈಯಗಲದ ತಲೆಬರಹದಲ್ಲೇ, ಮಹಾಪ್ರಾಣ ಕಳೆದುಕೊಂಡ 'ಉದ್ಗಾಟನೆ' ಥಟ್ಟನೆ ಕಂಡಿತು. ಅವರು ಆಕೆಯ ಮುಖವನ್ನೇ ನೋಡುತ್ತಿದ್ದರು. ಆಕೆ ಕೊನೆಯ ಸಾಲಿನವರೆಗೂ ನಿಧಾನವಾಗಿ ಕಣ್ಣಾಡಿಸಿ, ತಲೆಬರಹ ಒಳಗಾಗುವಂತೆ ಪುಟ ಮಡಿಸಿ, "ಅವರೇ ಸುಧಾರಿಸಿದಾರೆ ಕಣ್ರೀ" ಎಂದರು.