ಫೋನಿನೊಳಗಿನ ದುಂಬಿ

ಗೆಳೆಯರೇ, ಇವತ್ತು ಮಧ್ಯಾಹ್ನ ನನ್ನ ಫೋನು ನೀರಿನ ಬಕೆಟ್‌ಗೆ ಬಿತ್ತು. ಒರೆಸಿದರೂ ಸ್ಪೀಕರಿನ ದನಿ ಬಾವಿಯೊಳಗಿಂದ ಬಂದಂತೆ, ಒಂದಕ್ಷರ ತಿಳಿಯದು. ನಾಲ್ಕು ಗಂಟೆಗೆ ಚಿಕ್ಕೋಡಿಯ ಕಾಲೇಜೊಂದರ ಪ್ರಿನ್ಸಿಪಾಲರು ಕನ್ನಡ ಪಾಠ ಮಾಡುವ ಕೆಲಸದ ಬಗ್ಗೆ ಫೋನ್ ಮಾಡುವವರಿದ್ದರು.

ನೀರು ಹೊರಹಾಕುವ ಸದ್ದೊಂದನ್ನು ಯೂಟ್ಯೂಬಿನಲ್ಲಿ ಹುಡುಕಿ ಹಚ್ಚಿದೆ. ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಹುಳ ಸಾಯಬಾರದೆಂದು ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವ ನಮ್ಮ ಅಜ್ಜಿ ಓಡಿಬಂದಳು.

"ಏನ ಮಾಡಾಕತ್ತಿ ಬೇ? ಅದರಾಗ ದುಂಬಿ ಸಿಕ್ಕೊಂಡೈತಿ!"

"ದುಂಬಿ ಅಲ್ಲ ಅಜ್ಜಿ, ನೀರ ತಗ್ಯಾಕ ಹಚ್ಚೇನಿ."

"ನೀರಾಗ ಮುಳುಗಿದ್ದಕ್ಕ ಒದರಾಕತ್ತೈತಿ. ಪಾಪ ಹತ್ತತೈತಿ, ಕೊಡ ಇಲ್ಲೆ!"

ಫೋನು ಕಸಿದುಕೊಂಡು ಕಿಟಕಿಯ ಹೊರಗೆ ಚಾಚಿ, "ಹೋಗಪಾ, ಹೋಗು" ಎಂದು ಅದರ ಬೆನ್ನು ತಟ್ಟಿದಳು. ಸ್ಪೀಕರಿನಿಂದ ನಾಲ್ಕೈದು ಹನಿ ಸಿಡಿದವು. ಅಷ್ಟರಲ್ಲಿ ರಿಂಗಾಯಿತು. ಅದು ಅವಳ ಕೈಯಲ್ಲಿದ್ದಾಗಲೇ ಕರೆ ಎತ್ತಿ ಸ್ಪೀಕರ್ ಒತ್ತಿದೆ. ಪ್ರಿನ್ಸಿಪಾಲರ ದನಿ ಗಂಟೆ ಹೊಡೆದಂತೆ ಕೇಳಿತು: "ಸೋಮವಾರದಿಂದ ಬರ್ರಿ."

"ಹೂಂ ರೀ ಸರ್" ಎಂದೆ. ಫೋನು ಇಟ್ಟೆ.

ಅಜ್ಜಿ ಮೆಲ್ಲಗೆ ಕೇಳಿದಳು, "ಹಾರಿ ಹೋತೇನು?"

"ಹೋತು ಅಜ್ಜಿ."

ನನಗೆ ಕೆಲಸ ಸಿಕ್ಕ ಸುದ್ದಿ ಓಣಿಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ದುಂಬಿ ಬದುಕಿದ ಸುದ್ದಿ ಮಾತ್ರ ಆಗಲೇ ಮೂರು ಮನೆ ಮುಟ್ಟಿದೆ.