ಲೆಪ್ಚಾ ಅಜ್ಜಿ ಬೋರಲು ಹಾಕುತ್ತಿದ್ದ ಬಟ್ಟಲು

ನವೆಂಬರ್ ಆರು, ಬೆಳಿಗ್ಗೆ ಒಂಬತ್ತು ಗಂಟೆ. ಜರ್ಮನಿಯ ಬಾನ್‌ನ ಒಂದು ಧ್ವನಿಸಂಗ್ರಹದ ಕೋಣೆಯಲ್ಲಿ ನಾನು ಮತ್ತು ಮೈಸೂರಿನ ಸಂಶೋಧನಾ ವಿದ್ಯಾರ್ಥಿನಿ ಮೇಘಾ. ಹಳೆಯ ಟೇಪಿನಿಂದ ಮೊದಲು ಬಂದದ್ದು ಮಾತಲ್ಲ. ಪಿಂಗಾಣಿ ಬಟ್ಟಲನ್ನು ಹಲಗೆಯ ಮೇಲೆ ಬೋರಲು ಹಾಕಿದ 'ಟಕ್' ಸದ್ದು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಸಸ್ಯವಿಜ್ಞಾನಿಯಾಗಿದ್ದ ಅಪ್ಪನ ಕೆಲಸ ಡಾರ್ಜಿಲಿಂಗ್ ಬಳಿಯ ಕಾಲಿಂಪಾಂಗ್‌ನಲ್ಲಿದ್ದಾಗ ಕನ್ನಡದವರಾದ ನಾವು ಅಲ್ಲಿನ ಮೂಲನಿವಾಸಿ ಲೆಪ್ಚಾ ಜನರ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದೆವು. ಪೇಟೆಯಲ್ಲಿ ನೇಪಾಳಿ, ಶಾಲೆಯಲ್ಲಿ ಇಂಗ್ಲಿಷ್. ಲೆಪ್ಚಾ ಭಾಷೆ ಅಜ್ಜಿಯಂಥವರ ಕೆಲವು ಅಡುಗೆಮನೆಗಳಿಗೆ ಸರಿದಿತ್ತು. ಅಜ್ಜಿ ಅದಕ್ಕಾಗಿ ಅಳುತ್ತ ಕೂರಲಿಲ್ಲ, ವೇಳಾಪಟ್ಟಿ ಹಾಕಿದರು. ಬೆಳಿಗ್ಗೆ ಆರಕ್ಕೆ ಅವರ ಮೊಮ್ಮಗಳು ನಿಮ್‌ಕಿತ್ ಮತ್ತು ನಾನು ಒಲೆಯ ಮುಂದೆ ಹಾಜರ್. ಹೊಗೆ ಮತ್ತು ಒದ್ದೆ ಸೊಪ್ಪಿನ ವಾಸನೆಯ ನಡುವೆ ಅವರು ಒಂದೊಂದೇ ಎಲೆಯನ್ನು ನಮ್ಮ ಅಂಗೈಗಿಡುತ್ತಿದ್ದರು. ಮೂಸಿ, ಅದರ ಲೆಪ್ಚಾ ಹೆಸರು ಹೇಳಬೇಕು. ಹತ್ತು ಎಲೆ, ಆಮೇಲೆ ಚಹಾ. 'ತಪ್ಪು' ಎಂದು ಅವರು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ತಪ್ಪಿದವಳ ಚಹಾ ಬಟ್ಟಲನ್ನು ಬೋರಲು ಹಾಕುತ್ತಿದ್ದರು. ಇನ್ನೊಬ್ಬಳು ಸರಿಯಾದ ಹೆಸರು ಹೇಳುವಳು. ಅಷ್ಟು ಶಾಂತವಾದ ಶಿಸ್ತನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಆ ಪಾಠಗಳನ್ನು ಅಪ್ಪ ಟೇಪ್ ಮಾಡಿದ್ದರು; ಆ ಟೇಪೇ ಈ ಸಂಗ್ರಹ ಸೇರಿತ್ತು. ಈಗ ಅಜ್ಜಿ ಇಲ್ಲ, ನಿಮ್‌ಕಿತಳೂ ಇಲ್ಲ, ಆ ಮನೆಯೂ ಇಲ್ಲ. ಅಂಥದೊಂದು ಅಡುಗೆಮನೆಯನ್ನು ನಿಮ್ಮಲ್ಲೂ ಕೆಲವರು ಕಳೆದುಕೊಂಡಿರುತ್ತೀರಿ. ನಿಮ್‌ಕಿತಳ ಮಗಳು ಊರಿನ ಮಕ್ಕಳಿಗಾಗಿ ಗಿಡಗಳ ಪುಸ್ತಕ ಮಾಡುತ್ತಿದ್ದಳು. ಟೇಪಿನ ಹೆಸರುಗಳನ್ನು ಅಂದು ಸಂಜೆ ಐದರೊಳಗೆ ಅವಳಿಗೆ ಕಳಿಸಬೇಕಿತ್ತು.

"ಕೆಲವು ಗಿಡಕ್ಕೆ ಇಬ್ರು ಮಕ್ಕಳೂ ಬೇರೆ ಬೇರೆ ಹೆಸರು ಹೇಳ್ತಾರೆ ಆಂಟಿ. ಅಜ್ಜಿ ಏನೂ ಅನ್ನಲ್ಲ. ಸೋ, ಪಟ್ಟಿಯಲ್ಲಿ ಎರಡೂ ಕರೆಕ್ಟ್ ಅಂತ ಹಾಕಿದೀನಿ," ಎಂದಳು ಮೇಘಾ.

"ಆ ಟಕ್ ಅನ್ನೋದೇ ಅಜ್ಜಿಯ ಉತ್ತರ ಕಣಮ್ಮ. ಅದಕ್ಕೆ ಮುಂಚೆ ಹೇಳಿದ ಹೆಸರು ತಪ್ಪು, ಆಮೇಲಿಂದು ಸರಿ. ಪಟ್ಟಿಯಲ್ಲಿ 'ಎರಡನೆಯ ಮಗು' ಅಂತಿರೋದು ನಾನೇ."

"ಅಯ್ಯೋ! ಕಿಚನ್ ನಾಯ್ಸ್ ಅಂತ ಡಿಲೀಟ್ ಮಾಡೋಣ ಅಂತಿದ್ದೆ!"

"ಮಾಡಿದ್ರೆ ನಿನಗೂ ಚಹಾ ಇರ್ತಿರಲಿಲ್ಲ."

ಟಕ್ ಎಂದಲ್ಲೆಲ್ಲ ನಿಲ್ಲಿಸಿ, ಅದರ ಹಿಂದಿನ ಹೆಸರಿಗೆ ಗೀಟು ಎಳೆದೆವು. ಹೆಚ್ಚಿನವು ನನ್ನವೇ. ಕೊನೆಗೆ, ಟೇಪಿನಲ್ಲಿ ಮಾತಾಡಿದವರ ವಿವರದಲ್ಲಿ ಒಂದು ಸಾಲು ಉಳಿಯಿತು. 'ಎರಡನೆಯ ಮಗು: ಮಾತೃಭಾಷೆ ಲೆಪ್ಚಾ.'

"ಇದನ್ನ ಹಾಗೇ ಬಿಡೋಣ ಆಂಟಿ. ಯಾರಿಗೆ ಗೊತ್ತಾಗತ್ತೆ?"

ಯಾರಾದರೂ ವಿಚಾರಿಸಿದರೆ ಅಜ್ಜಿ, "ಇವಳೂ ನನ್ನ ಮೊಮ್ಮಗಳೇ, ಒಲೆಗೆ ಹತ್ತಿರ ಕೂತು ಬಣ್ಣ ತಿರುಗಿದೆ," ಎನ್ನುತ್ತಿದ್ದರು. ನಾನು ಆ ಮನೆಯವಳೆಂದು ಬರಹದಲ್ಲಿ ಇದ್ದದ್ದು ಈ ಒಂದು ಸಾಲಿನಲ್ಲಿ ಮಾತ್ರ. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ನಂತರ ಅಳಿಸಿ, 'ಬಾಡಿಗೆದಾರರ ಮಗಳು, ಕಲಿಯುತ್ತಿದ್ದಾಳೆ' ಎಂದು ಬರೆಸಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿಯನ್ನು ನಿಮ್‌ಕಿತಳ ಮಗಳಿಗೆ ಕಳಿಸಿದೆವು.